ಬಿಸಿಲಿನಿಂದ ಐಸ್ ಮಾಡಿದ ಮೇಷ್ಟ್ರು ಕಲ್ಲಿದ್ದಲ ಲೆಕ್ಕದಲ್ಲಿ ಸೋತ ಕತೆ

1878ರ ಸೆಪ್ಟೆಂಬರ್. ಪ್ಯಾರಿಸ್‌ನಲ್ಲಿ ವಿಶ್ವಮೇಳ ನಡೀತಾ ಇತ್ತು. ಅಲ್ಲಿ ಗಣಿತದ ಮೇಷ್ಟ್ರೊಬ್ಬರು ಬೃಹತ್ ಕನ್ನಡಿಯೊಂದನ್ನು ಸೂರ್ಯನ ಕಡೆ ತಿರುಗಿಸಿ ನಿಲ್ಲಿಸಿದ್ದರು. ಅದರ ನಡುವಿನ ಬಾಯ್ಲರ್ ಕುದಿಯಿತು, ಉಗಿ ಬಂತು. ಆ ಶಾಖವನ್ನು ಶೀತಲ ಯಂತ್ರವೊಂದಕ್ಕೆ ಕೊಟ್ಟು ಅವರು ಐಸ್ ತಯಾರಿಸಿ ತೋರಿಸಿದರು. ಸುಡುವ ಬಿಸಿಲಿನಿಂದ ಮಂಜುಗಡ್ಡೆ! ಜನ ಬೆರಗಾದರು, ಮೇಳದಲ್ಲಿ ಚಿನ್ನದ ಪದಕವೂ ಸಿಕ್ಕಿತು.

ಆ ಮೇಷ್ಟ್ರ ಹೆಸರು ಒಗುಸ್ತಾಂ ಮೂಶೋ. ಸೌರಶಕ್ತಿಯ ಚರಿತ್ರೆ ಬರೆಯುವವರು ಯಾರೂ ಈ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆದರೆ 1912ರಲ್ಲಿ ಅದೇ ಪ್ಯಾರಿಸ್‌ನಲ್ಲಿ ಅವರು ಸತ್ತಾಗ ಕೈಯಲ್ಲಿ ಕಾಸಿರಲಿಲ್ಲ. ಈ 34 ವರ್ಷಗಳಲ್ಲಿ ಏನಾಯ್ತು? ಯಂತ್ರ ಕೆಟ್ಟಿತಾ? ಇಲ್ಲ. ಸೂರ್ಯನಂತೂ ಎಲ್ಲೂ ಹೋಗಿರಲಿಲ್ಲ.

ಕರಿ ಪಾತ್ರೆ, ಗಾಜು, ಕನ್ನಡಿ

ಮೂಶೋ ಹುಟ್ಟಿದ್ದು 1825ರ ಏಪ್ರಿಲ್ 7ರಂದು, ಫ್ರಾನ್ಸ್‌ನ ಬರ್ಗಂಡಿ ಸೀಮೆಯ ಒಂದು ಸಣ್ಣ ಊರಲ್ಲಿ. ಮೊದಲು ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದರು. ಆಮೇಲೆ ಓದು ಮುಂದುವರಿಸಿ ಪದವಿ ಪಡೆದು ಗಣಿತದ ಅಧ್ಯಾಪಕರಾದರು. ದೊಡ್ಡ ಪ್ರಯೋಗಾಲಯ ಇಲ್ಲ, ಹಿಂದೆ ಬಂಡವಾಳಗಾರರಿಲ್ಲ. 1860ರ ಸುಮಾರಿಗೆ ಅವರನ್ನು ಒಂದು ಪ್ರಶ್ನೆ ಕಾಡತೊಡಗಿತು. ಯುರೋಪಿನ ಕೈಗಾರಿಕೆಯೆಲ್ಲ ಕಲ್ಲಿದ್ದಲಿನ ಮೇಲೆ ನಿಂತಿದೆ. ಅದು ಒಂದಲ್ಲ ಒಂದು ದಿನ ಮುಗಿಯುವ ವಸ್ತು. ಆಗ ಗತಿ ಏನು?

ಅವರು ಕಟ್ಟಿದ ಯಂತ್ರದ ತತ್ವ ಬಹಳ ಸರಳ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೂತಿದ್ದೀರಾ? ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಶಾಖವನ್ನು ಅಷ್ಟು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಮೂಶೋ ಕಪ್ಪು ಬಳಿದ ತಾಮ್ರದ ಬಾಯ್ಲರ್‌ಗೆ ಗಾಜಿನ ಹೊದಿಕೆ ಹಾಕಿದರು. ಆದರೆ ಇಷ್ಟರಿಂದಲೇ ಉಗಿಯಂತ್ರ ಓಡಿಸುವಷ್ಟು ಉಗಿ ಬರುವುದಿಲ್ಲ. ಅದಕ್ಕೇ ಸುತ್ತಲೂ ಬೆಳ್ಳಿ ಲೇಪದ ಕನ್ನಡಿ ಇಟ್ಟು, ಅಗಲ ಜಾಗದ ಬಿಸಿಲನ್ನೆಲ್ಲ ಬಾಯ್ಲರ್ ಮೇಲೆ ಬೀಳುವಂತೆ ಮಾಡಿದರು. ನೋಡೋಕೆ ತಲೆಕೆಳಗಾದ ದೊಡ್ಡ ಲ್ಯಾಂಪ್‌ಶೇಡ್ ಥರ. ಸೂರ್ಯ ಸರಿದಂತೆ ಅದನ್ನೂ ತಿರುಗಿಸುತ್ತಾ ಇರಬೇಕು.

1866ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಎದುರು ಯಂತ್ರದ ಪ್ರದರ್ಶನ ನಡೆಯಿತು. 1869ರಲ್ಲಿ ಸೌರಶಾಖ ಮತ್ತು ಕೈಗಾರಿಕೆಯಲ್ಲಿ ಅದರ ಬಳಕೆ ಕುರಿತು ಪುಸ್ತಕ ಬಂತು. ಮರುವರ್ಷವೇ ಪ್ರಶ್ಯಾ ಜೊತೆ ಯುದ್ಧ. ಚಕ್ರವರ್ತಿ ಗದ್ದುಗೆಯಿಂದ ಇಳಿದರು. ಪ್ಯಾರಿಸ್‌ನಲ್ಲಿದ್ದ ಮೂಶೋ ಯಂತ್ರ ಆ ಗಲಾಟೆಯಲ್ಲಿ ಕಾಣೆಯಾಯಿತು. ಮೇಷ್ಟ್ರು ತೂರ್ ಪಟ್ಟಣದಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದರು.

ಬಿಸಿಲು ಬಿಟ್ಟಿ, ಹಿಡಿಯೋದು ಬಿಟ್ಟಿಯಲ್ಲ

1870ರ ದಶಕದ ನಡುವೆ ತೂರ್‌ನಲ್ಲಿ ಜನರ ಮುಂದೆ ನಿಂತ ಹೊಸ ಯಂತ್ರದ ಕನ್ನಡಿ ಬಾಯಿ ಸುಮಾರು 2.6 ಮೀಟರ್ ಅಗಲ. ಅದರಿಂದ ಹುಟ್ಟಿದ್ದು ಅರ್ಧ ಹಾರ್ಸ್‌ಪವರ್. ಲೆಕ್ಕ ಹಾಕಿ ನೋಡಿ. ನಿರ್ಮಲ ಆಕಾಶದ ನಡುಹಗಲಲ್ಲಿ ಒಂದು ಚದರ ಮೀಟರ್‌ಗೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಅಂದರೆ ಆ ಕನ್ನಡಿಗೆ ಸಿಕ್ಕಿದ್ದು 5 ಕಿಲೋವ್ಯಾಟ್ ಆಸುಪಾಸು. ಕೆಲಸಕ್ಕೆ ಒದಗಿದ್ದು 400 ವ್ಯಾಟ್‌ಗಿಂತ ಕಡಿಮೆ. ಉಳಿದದ್ದು ಕನ್ನಡಿ, ಗಾಜು, ಬಾಯ್ಲರ್, ಎಂಜಿನ್ ದಾಟುವ ಹೊತ್ತಿಗೆ ಸೋರಿಹೋಯಿತು. ಮೋಡ ಬಂದರೆ ಅದೂ ಇಲ್ಲ. ರಾತ್ರಿಯ ಮಾತಂತೂ ಬೇಡ.

ಇದು ಮೂಶೋಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬಿಸಿಲಿನ ಶಾಖದಿಂದ ವಿದ್ಯುತ್ ಹುಟ್ಟಿಸಿ, ಅದರಿಂದ ನೀರನ್ನು ಒಡೆದು, ಹೈಡ್ರೋಜನ್ ಕೂಡಿಟ್ಟು ಬೇಕಾದಾಗ ಉರಿಸುವ ಯೋಚನೆಯನ್ನೂ ಅವರು ಮಾಡಿದ್ದರು. ಇವತ್ತು ಗ್ರೀನ್ ಹೈಡ್ರೋಜನ್ ಅಂತ ನಾವು ಕೇಳುತ್ತಿರೋ ಮಾತಿನ ಬೇರು ಅಷ್ಟು ಹಿಂದಕ್ಕೆ ಹೋಗುತ್ತದೆ.

ಫ್ರಾನ್ಸ್‌ನಲ್ಲಿ ಬಿಸಿಲು ಸಾಲದು, ಹಾಗಾದರೆ ಎಲ್ಲಿ? ಸರ್ಕಾರದ ಕಣ್ಣು ಅಲ್ಜೀರಿಯಾ ಕಡೆ ಹೊರಳಿತು. 1877ರಲ್ಲಿ ಮೂಶೋ ಅವರನ್ನು ಹಣ ಕೊಟ್ಟು ಅಲ್ಲಿಗೆ ಕಳಿಸಲಾಯಿತು. ಅಲ್ಜೀರಿಯಾ ಆಗ ಫ್ರೆಂಚ್ ವಸಾಹತು. ಸ್ಥಳೀಯರಿಂದ ಕಿತ್ತುಕೊಂಡ ನೆಲದಲ್ಲಿ ಯುರೋಪಿನವರು ನೆಲೆಯೂರುತ್ತಿದ್ದರು. ಅಲ್ಲಿ ಕಲ್ಲಿದ್ದಲು ದುಬಾರಿ, ಸೌದೆ ವಿರಳ, ಬಿಸಿಲು ಧಾರಾಳ. ಶುದ್ಧ ಇಂಧನ ಅಂದಾಕ್ಷಣ ಅದರ ರಾಜಕೀಯವೂ ಶುದ್ಧ ಅಂತ ಭಾವಿಸಬೇಕಿಲ್ಲ.

ಇದೇ ಹೊತ್ತಿಗೆ ಮೂಶೋ ಕೆಲಸದ ಸುದ್ದಿ ನಮ್ಮ ಕರಾವಳಿಗೂ ತಲುಪಿತ್ತು. ಬಾಂಬೆಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಓದಿ, ಬೆಳ್ಳಿ ಲೇಪದ ಬಾಗಿದ ಕನ್ನಡಿ ತುಂಬಾ ದುಬಾರಿ ಅಂತ ತೀರ್ಮಾನಿಸಿದರು. ಬದಲಿಗೆ ಸಾಮಾನ್ಯ ಚಪ್ಪಟೆ ಕನ್ನಡಿಗಳನ್ನು ಸಾಲಾಗಿ ಜೋಡಿಸಿ, ಉಗಿ ಎಬ್ಬಿಸಿ, ಸುಮಾರು 2.5 ಹಾರ್ಸ್‌ಪವರ್‌ನ ಪಂಪು ಓಡಿಸಿದರು. 1878ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಬರೆದರು. ಧಾರವಾಡ, ಬೆಳಗಾವಿ, ಕಾರವಾರ ಆಗ ಅದೇ ಬಾಂಬೆ ಪ್ರಾಂತ್ಯದೊಳಗಿದ್ದವು. ಆದರೆ ಆ ಪಂಪು ನಮ್ಮ ಹೊಲಗಳವರೆಗೆ ಬರಲೇ ಇಲ್ಲ.

ಸೋಲಿಸಿದ್ದು ಯಾರು?

1860ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ವ್ಯಾಪಾರ ಒಪ್ಪಂದವಾಯಿತು. ಬ್ರಿಟಿಷ್ ಕಲ್ಲಿದ್ದಲಿನ ಮೇಲಿನ ಸುಂಕ ಇಳಿಯಿತು. ಮೂಶೋ ಸೌರಶಾಖದ ಕೆಲಸ ಶುರು ಮಾಡಿದ್ದೂ ಹೆಚ್ಚುಕಡಿಮೆ ಅದೇ ವರ್ಷ. ಮುಂದಿನ 20 ವರ್ಷ ಅವರು ಕನ್ನಡಿ ತಿದ್ದುತ್ತಿದ್ದರೆ, ಅತ್ತ ರೈಲುಮಾರ್ಗ ಹರಡಿ ಕಲ್ಲಿದ್ದಲು ಇನ್ನಷ್ಟು ಅಗ್ಗವಾಗುತ್ತಾ ಹೋಯಿತು.

1880ರ ದಶಕದ ಆರಂಭದಲ್ಲಿ ಸರ್ಕಾರ ಒಂದು ಪರೀಕ್ಷೆ ಏರ್ಪಡಿಸಿತು. ದಕ್ಷಿಣ ಫ್ರಾನ್ಸ್‌ನ ಮೊಂಪೆಲಿಯೆಯಲ್ಲಿ ಒಂದು, ಅಲ್ಜೀರಿಯಾದ ಕಾನ್‌ಸ್ಟಂಟೀನ್‌ನಲ್ಲಿ ಒಂದು ಯಂತ್ರ ಇಟ್ಟು ತಜ್ಞರು ಅಳೆದರು. ಯಂತ್ರ ಕೆಲಸ ಮಾಡುತ್ತದೆ, ಆದರೆ ಫ್ರಾನ್ಸ್‌ನ ಹವಾಮಾನಕ್ಕೆ, ಈ ಖರ್ಚಿಗೆ ಲಾಭವಿಲ್ಲ ಅಂತ ತೀರ್ಪು ಬಂತು. ಹಣ ನಿಂತಿತು. ಅವರ ಸಹಾಯಕರಾಗಿದ್ದ ಆಬೆಲ್ ಪೀಫ್ರ್ 1882ರ ಆಗಸ್ಟ್ 6ರಂದು ಪ್ಯಾರಿಸ್‌ನ ತ್ವಿಲ್ರಿ ತೋಟದಲ್ಲಿ ಸೌರ ಉಗಿಯಿಂದ ಮುದ್ರಣಯಂತ್ರ ಓಡಿಸಿ ಪತ್ರಿಕೆಯನ್ನೇ ಅಚ್ಚು ಹಾಕಿ ತೋರಿಸಿದರು. ಆದರೂ ಗಾಳಿ ಬದಲಾಗಲಿಲ್ಲ. ಮೂಶೋ ಆ ಹೊತ್ತಿಗೆ ಸೌರಶಕ್ತಿಯನ್ನು ಬಿಟ್ಟು ಗಣಿತಕ್ಕೆ ಮರಳಿದ್ದರು. 1912ರ ಅಕ್ಟೋಬರ್ 4ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ತಜ್ಞರ ತೀರ್ಪು ಸುಳ್ಳಾಗಿರಲಿಲ್ಲ. ಮೋಡ, ರಾತ್ರಿ, ದುಬಾರಿ ಕನ್ನಡಿ ಎಲ್ಲವೂ ನಿಜವಾದ ಮಿತಿಗಳೇ. ಆದರೆ ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದ್ದ ಕಲ್ಲಿದ್ದಲಿನ ಬೆಲೆ ಪ್ರಕೃತಿ ಕೊಟ್ಟಿದ್ದಲ್ಲ. ಅದನ್ನು ತಗ್ಗಿಸಿದ್ದು ಒಂದು ಒಪ್ಪಂದ, ರೈಲುಹಳಿ. ಗಣಿ ಕಾರ್ಮಿಕರ ಶ್ವಾಸಕೋಶ, ಊರಿನ ಹೊಗೆ, ಮುಂದಿನ ತಲೆಮಾರಿನ ತಾಪಮಾನ ಯಾವುದೂ ಆ ಬೆಲೆಯಲ್ಲಿ ಸೇರಿರಲಿಲ್ಲ.

ಇವತ್ತು ಲೆಕ್ಕ ತಿರುಗಿದೆ. ಉಗಿಯ ಗೊಡವೆಯಿಲ್ಲದೆ ಬೆಳಕಿನ ಸುಮಾರು ಐದನೇ ಒಂದು ಭಾಗವನ್ನು ನೇರವಾಗಿ ವಿದ್ಯುತ್ ಮಾಡುವ ಪ್ಯಾನೆಲ್ ಅಗ್ಗವಾಗಿದೆ. ನಮ್ಮ ಪಾವಗಡದಲ್ಲೇ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೆ ಮೂಶೋ ಕಾಲದ ಪ್ರಶ್ನೆಗಳು ಹಾಗೇ ಉಳಿದಿವೆ. ಸಂಜೆ ಏಳಕ್ಕೆ ಮನೆಮನೆಯಲ್ಲೂ ಸ್ವಿಚ್ ಒತ್ತಿದಾಗ ಬಿಸಿಲಿರಲ್ಲ. ಬ್ಯಾಟರಿಗೋ, ನೀರೆತ್ತಿ ಕೂಡಿಡುವ ವ್ಯವಸ್ಥೆಗೋ ದುಡ್ಡು ಬೇಕು. ಜಾಗವೂ ಬೇಕು. ಪಾವಗಡದಲ್ಲಿ ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಹೆಸರು ಆ ಗುತ್ತಿಗೆ ಪತ್ರದಲ್ಲಿಲ್ಲ.

ಮುಂದಿನ ಸಲ ಯಾರಾದರೂ ಒಂದು ಯೋಜನೆ ಲಾಭದಾಯಕ ಅಂತಲೋ, ಅಲ್ಲ ಅಂತಲೋ ಹೇಳಿದರೆ ಎರಡು ಪ್ರಶ್ನೆ ಕೇಳೋಣ. ಯಾವ ಬೆಲೆಯ ಪಕ್ಕದಲ್ಲಿಟ್ಟು ತೂಗಿದಿರಿ? ಆ ಬೆಲೆಯೊಳಗೆ ಯಾರನ್ನು ಲೆಕ್ಕಕ್ಕೆ ತಗೊಂಡಿಲ್ಲ?