ಹೃದಯದ ಗೋಡೆಯಲ್ಲಿ ರಂಧ್ರವಿಲ್ಲ ಎಂದ ಇಬ್ನ್ ಅನ್-ನಫೀಸ್

ಪ್ರಥಮ ಪಿಯುಸಿಯಲ್ಲಿ ಹೃದಯದ ಚಿತ್ರ ಬಿಡಿಸುವಾಗ ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಒಂದು ಬಾಣ, ಅಲ್ಲಿಂದ ಎಡ ಹೃತ್ಕರ್ಣಕ್ಕೆ ಇನ್ನೊಂದು ಬಾಣ ಹಾಕುತ್ತೇವೆ. ರಕ್ತ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂದು, ನಮಗೆ ತಿಳಿದಂತೆ, ಮೊದಲು ಬರೆದಿಟ್ಟವರು ಇಬ್ನ್ ಅನ್-ನಫೀಸ್.

ಇವರು ಸುಮಾರು 1213ರಲ್ಲಿ ದಮಾಸ್ಕಸ್ ಬಳಿ ಹುಟ್ಟಿದರು. ಅಲ್ಲಿನ ನೂರಿ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತು, ಮುಂದೆ ಕೈರೋದಲ್ಲಿ ನೆಲೆಸಿದರು. ರೋಗಿಗಳನ್ನು ನೋಡುವುದರ ಜೊತೆಗೆ ಮದ್ರಸಾದಲ್ಲಿ ಶಾಫಿ ಫಿಕ್ಹ್ ಬೋಧಿಸುತ್ತಿದ್ದರು.

ಬಲ ಮತ್ತು ಎಡ ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಎಡಕ್ಕೆ ಜಿನುಗುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದ. ಸಾವಿರ ವರ್ಷ ಅದನ್ನೇ ಎಲ್ಲರೂ ನಂಬಿದ್ದರು. ಇಬ್ನ್ ಸೀನಾ ಅವರ ಅಲ್-ಕಾನೂನ್ ಗ್ರಂಥದ ಅಂಗರಚನೆಯ ಭಾಗಕ್ಕೆ 1242ರಲ್ಲಿ ವ್ಯಾಖ್ಯಾನ ಬರೆಯುವಾಗ ಇಬ್ನ್ ಅನ್-ನಫೀಸ್ ಇದನ್ನು ಒಪ್ಪಲಿಲ್ಲ. ಗೋಡೆ ದಪ್ಪವಾಗಿದೆ, ಅದರಲ್ಲಿ ದಾರಿಯಿಲ್ಲ. ರಕ್ತ ಶ್ವಾಸಕೋಶಕ್ಕೆ ಹೋಗಿ, ಗಾಳಿಯೊಂದಿಗೆ ಬೆರೆತು, ಎಡಕ್ಕೆ ಮರಳುತ್ತದೆ ಎಂದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಗುರುಸಮಾನರ ಗ್ರಂಥವನ್ನು ಗೌರವದಿಂದ ವಿವರಿಸುತ್ತಲೇ ಅದರ ತಪ್ಪನ್ನು ತೋರಿಸಿದರು.

1288ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಮನೆ ಮತ್ತು ಪುಸ್ತಕಗಳನ್ನು ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಅವರ ಇನ್ನೊಂದು ಗ್ರಂಥ ಮೂಜಜ್ ಅನ್ನು ನಮ್ಮ ದೇಶದ ಹಕೀಮರೂ ಬಹುಕಾಲ ಓದಿದರು. ಆದರೆ ಹೃದಯದ ಕುರಿತ ಮಾತು ಮರೆಗೆ ಸರಿಯಿತು. 1628ರಲ್ಲಿ ವಿಲಿಯಂ ಹಾರ್ವೆ ಇಡೀ ದೇಹದ ರಕ್ತ ಪರಿಚಲನೆಯನ್ನು ವಿವರಿಸಿದರು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವಿದ್ಯಾರ್ಥಿ ಮುಹ್ಯಿದ್ದೀನ್ ಅತ್-ತತಾವಿ ಬರ್ಲಿನ್‌ನ ಹಸ್ತಪ್ರತಿಯಲ್ಲಿ ಇಬ್ನ್ ಅನ್-ನಫೀಸ್ ಬರೆದದ್ದನ್ನು ಗುರುತಿಸಿದಾಗಲೇ ಜಗತ್ತಿಗೆ ಅದು ಮತ್ತೆ ತಿಳಿದದ್ದು.

ಗ್ಯಾಲೆನ್ ಸಹಜವೆಂದುಕೊಂಡ ರಂಧ್ರ ಇಂದು ರೋಗವೆನಿಸಿದೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಆ ಗೋಡೆಯಲ್ಲಿ ರಂಧ್ರವಿರುತ್ತದೆ. ಸ್ಟೆತಸ್ಕೋಪ್ ಇಟ್ಟರೆ ಹೃದಯ ಬಡಿತದ ಜೊತೆಗೆ ಮರ್ಮರ ಸದ್ದು ಕೇಳುತ್ತದೆ. ರಂಧ್ರ ದೊಡ್ಡದಾದರೆ ಮಗು ಹಾಲು ಕುಡಿಯುವಾಗ ಏದುಸಿರು ಬಿಡುತ್ತದೆ, ಬೆವರುತ್ತದೆ, ತೂಕ ಏರುವುದಿಲ್ಲ. ಆಮ್ಲಜನಕ ಕಡಿಮೆಯಿರುವ ರಕ್ತ ಎಡಭಾಗಕ್ಕೆ ಸೇರಿದರೆ ತುಟಿ, ಉಗುರು ನೀಲಿಯಾಗುತ್ತವೆ. ಕೊತ್ತಗೆರೆಯ ನಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಇಂಥ ಲಕ್ಷಣ ಕಂಡರೆ ದೃಷ್ಟಿಯಾಗಿದೆ ಎಂದು ಕೂರದೆ ಕೂಡಲೇ ವೈದ್ಯರ ಬಳಿ ಕಳಿಸೋಣ. ಹಿರಿಯರು ಹೇಳಿದ್ದನ್ನೂ ಪರೀಕ್ಷಿಸಿ ನೋಡಬೇಕೆಂದು ತೋರಿಸಿಕೊಟ್ಟ ಆ ವೈದ್ಯರಿಂದ ನಾವು ಕಲಿಯಬೇಕಾದ ಪಾಠವೂ ಇದೇ.