ಪೋಕರ್ ಮೇಜಿನಲ್ಲಿ ಗೆದ್ದ ರಾಬಿನ್‌ಸನ್

ಹಾಲಿವುಡ್ ನಟ ಎಡ್ವರ್ಡ್ ಜಿ. ರಾಬಿನ್‌ಸನ್ ಹುಟ್ಟಿದ್ದು 1893ರಲ್ಲಿ, ರೊಮೇನಿಯಾದ ಬುಕಾರೆಸ್ಟ್‌ನ ಯಹೂದಿ ಮನೆತನದಲ್ಲಿ. ಬಾಲ್ಯದಲ್ಲೇ ನ್ಯೂಯಾರ್ಕ್ ಸೇರಿ, ರಂಗಭೂಮಿಯಲ್ಲಿ ಪಳಗಿ, 1931ರ 'ಲಿಟಲ್ ಸೀಸರ್' ಚಿತ್ರದ ಪಾತಕಿಯಾಗಿ ಮನೆಮಾತಾದರು. 1950ರ ದಶಕದಲ್ಲಿ ಕಮ್ಯುನಿಸ್ಟ್ ಒಲವಿನ ಶಂಕೆಯಿಂದ ಒಳ್ಳೆಯ ಅವಕಾಶಗಳು ಕೈತಪ್ಪಿದವು. ವಿಚ್ಛೇದನದಿಂದಾಗಿ ಜೀವದಂತಿದ್ದ ಚಿತ್ರಕಲಾ ಸಂಗ್ರಹವನ್ನೂ ಮಾರಬೇಕಾಯಿತು.

ಭಾರಿ ಪಣದ ಪೋಕರ್ ಆಟಗಾರರ ಕಥೆ 'ದಿ ಸಿನ್ಸಿನಾಟಿ ಕಿಡ್' ತೆರೆಗೆ ಬಂದದ್ದು 1965ರಲ್ಲಿ. ಸ್ಪೆನ್ಸರ್ ಟ್ರೇಸಿ ಅನಾರೋಗ್ಯದಿಂದ ಹಿಂದೆ ಸರಿದಿದ್ದರಿಂದ ಹಳೇ ಹುಲಿ ಲ್ಯಾನ್ಸಿ ಹೊವಾರ್ಡ್ ಪಾತ್ರ ರಾಬಿನ್‌ಸನ್‌ಗೆ ಸಿಕ್ಕಿತು. ಎದುರಾಳಿ ಸ್ಟೀವ್ ಮೆಕ್‌ಕ್ವೀನ್. ಹಲವು ವಿಮರ್ಶಕರು ಚಿತ್ರವನ್ನು 1961ರ 'ದಿ ಹಸ್ಲರ್' ಜತೆ ತೂಗಿ ಕಡಿಮೆ ಅಂಕ ಕೊಟ್ಟರು. ಕೊನೆಯ ಆಟದಲ್ಲಿ ಇಬ್ಬರಿಗೂ ಅಂಥ ದೊಡ್ಡ ಎಲೆಗಳು ಬೀಳುವುದನ್ನು ನಂಬುವುದು ಹೇಗೆ ಎಂಬುದು ಇಸ್ಪೀಟು ಬಲ್ಲವರ ತಕರಾರು. ತಕರಾರು ನ್ಯಾಯವೇ. ಆದರೆ ಸದ್ದಿಲ್ಲದೆ ಎದುರಾಳಿಯನ್ನು ಅಳೆಯುವ ರಾಬಿನ್‌ಸನ್ ಅಭಿನಯಕ್ಕೆ ಮೆಚ್ಚುಗೆ ಬಂತು; ಚಿತ್ರದ ತೂಕವೆಲ್ಲ ಅಲ್ಲೇ ಇದೆ.

ಆದರೂ ಸ್ಪರ್ಧೆಯ ಆಸ್ಕರ್‌ಗೆ ಅವರ ಹೆಸರು ಒಮ್ಮೆಯೂ ನಾಮನಿರ್ದೇಶನಗೊಳ್ಳಲಿಲ್ಲ. ಕೊನೆಗೆ ಗೌರವ ಆಸ್ಕರ್ ನೀಡಲು ಅಕಾಡೆಮಿ ತೀರ್ಮಾನಿಸಿತು. ಸಮಾರಂಭಕ್ಕೆ ಎರಡು ತಿಂಗಳಿರುವಾಗ, 1973ರ ಜನವರಿ 26ರಂದು, ಕ್ಯಾನ್ಸರ್‌ನಿಂದ ತೀರಿಕೊಂಡರು. ಪ್ರಶಸ್ತಿಯನ್ನು ಪತ್ನಿ ಸ್ವೀಕರಿಸಿದರು.