ಗೋಪಾಳ ಗಣೇಶ ಆಗರಕರ: ವಿರೋಧದ ನಡುವಣ ಗೌರವ

1856ರ ಜುಲೈ ತಿಂಗಳಲ್ಲಿ, ಕೇವಲ ಒಂಬತ್ತು ದಿನಗಳ ಅಂತರದಲ್ಲಿ ಜನಿಸಿದ ಇಬ್ಬರು ಮುಂದೆ ಪುಣೆಯ ವೈಚಾರಿಕ ಜೀವನದ ಎರಡು ವಿರುದ್ಧ ಧಾರೆಗಳ ಮುಖಂಡರಾದರು. ಹಿರಿಯರು ಗೋಪಾಳ ಗಣೇಶ ಆಗರಕರ. ಕಿರಿಯರು ಬಾಲ ಗಂಗಾಧರ ಟಿಳಕ. ಟಿಳಕರ ಹೆಸರು ನಾಡಿನಾದ್ಯಂತ ಮೊಳಗಿತು. ಮೂವತ್ತೊಂಬತ್ತು ತುಂಬುವ ಮುನ್ನವೇ ತೀರಿಕೊಂಡ ಆಗರಕರರು ಮಹಾರಾಷ್ಟ್ರದ ಹೊರಗೆ ಅಷ್ಟಾಗಿ ಪರಿಚಿತರಲ್ಲ.

ಸಾತಾರಾ ಜಿಲ್ಲೆಯ ಟೆಂಭೂ ಗ್ರಾಮದ ಬಡ ಮನೆತನದಲ್ಲಿ ಹುಟ್ಟಿದ ಆಗರಕರರು ಕಷ್ಟಪಟ್ಟು ಓದಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಇದ್ದ ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಿಗ್ಗೆ ತೊಡುತ್ತಿದ್ದರೆಂಬ ಪ್ರತೀತಿಯಿದೆ. ಟಿಳಕರ ಸ್ನೇಹ ದೊರೆತದ್ದು ಅಲ್ಲಿಯೇ. ಸರಕಾರಿ ನೌಕರಿಯನ್ನು ಬಯಸದೆ ಶಿಕ್ಷಣಕ್ಕೆ ಬದುಕನ್ನು ಮುಡಿಪಾಗಿಡುವ ನಿರ್ಧಾರವನ್ನು ಇಬ್ಬರೂ ಕೈಗೊಂಡರು. 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭವಾಯಿತು, ಎಂ.ಎ. ಮುಗಿಸಿದ ಆಗರಕರರು ಮರುವರ್ಷ ಅದನ್ನು ಸೇರಿದರು. 1881ರ ಜನವರಿಯಲ್ಲಿ ಮರಾಠಿಯ ‘ಕೇಸರಿ’ ಮತ್ತು ಇಂಗ್ಲಿಷಿನ ‘ಮರಾಠಾ’ ಪತ್ರಿಕೆಗಳು ಹೊರಬಂದವು. ‘ಕೇಸರಿ’ಯ ಮೊದಲ ಸಂಪಾದಕರು ಆಗರಕರರೆಂಬುದನ್ನು ಇಂದು ನೆನೆಯುವವರು ವಿರಳ.

ಕೊಲ್ಹಾಪುರದ ದಿವಾನರಾಗಿದ್ದ ಮಾಧವರಾವ ಬರ್ವೆಯವರ ಮೇಲೆ ಆರೋಪ ಹೊರಿಸಿದ ಬರಹಗಳಿಗಾಗಿ ಇಬ್ಬರು ಸಂಪಾದಕರ ಮೇಲೂ ಮಾನನಷ್ಟದ ಮೊಕದ್ದಮೆ ನಡೆಯಿತು. ಆಧಾರವಾಗಿದ್ದ ಪತ್ರಗಳು ಖೋಟಾ ಎಂದು ಸಾಬೀತಾದವು. ಆಗ ಹತ್ತು ಸಾವಿರ ರೂಪಾಯಿಗಳ ಜಾಮೀನನ್ನು ಒದಗಿಸಿಕೊಟ್ಟವರು ಜೋತಿರಾವ್ ಫುಲೆ. ತಮ್ಮ ಮಿತ್ರರೊಬ್ಬರನ್ನು ಅದಕ್ಕೆ ಒಪ್ಪಿಸಿದರು. ಈ ತರುಣರ ಗುರುಪ್ರಾಯರಾದ ವಿಷ್ಣುಶಾಸ್ತ್ರಿ ಚಿಪಳೂಣಕರರು ‘ನಿಬಂಧಮಾಲೆ’ಯಲ್ಲಿ ಫುಲೆಯವರನ್ನು ಹೀನಾಯವಾಗಿ ಹಳಿದಿದ್ದರು. ಅದನ್ನು ಲೆಕ್ಕಿಸದೆ ಬಂದ ಈ ನೆರವು ಸಾಮಾನ್ಯವಾದುದಲ್ಲ.

1882ರಲ್ಲಿ ಇಬ್ಬರೂ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆದರು. ಆ ದಿನಗಳ ಕುರಿತು ಆಗರಕರರು ಪುಸ್ತಕವನ್ನೇ ಬರೆದರು. ಮುಂದಿನ ಒಡಕಿನ ಬೀಜವೂ ಅಲ್ಲಿನ ಚರ್ಚೆಗಳಲ್ಲಿಯೇ ಇತ್ತೆನ್ನಬಹುದು. ಸಮಾಜಸುಧಾರಣೆ ರಾಜಕೀಯ ಸ್ವಾತಂತ್ರ್ಯಕ್ಕಾಗಿ ಕಾಯಬೇಕಿಲ್ಲವೆಂಬುದು ಆಗರಕರರ ನಿಲುವು. ಪರಕೀಯ ಸರಕಾರದ ಕಾನೂನಿನಿಂದ ನಮ್ಮ ಆಚಾರಗಳನ್ನು ತಿದ್ದಬಾರದೆಂಬುದು ಟಿಳಕರದು. 1887ರಲ್ಲಿ ಆಗರಕರರು ‘ಕೇಸರಿ’ಯನ್ನು ಬಿಟ್ಟರು, ಮರುವರ್ಷ ‘ಸುಧಾರಕ’ವನ್ನು ಪ್ರಾರಂಭಿಸಿದರು. ಅದರ ಇಂಗ್ಲಿಷ್ ಭಾಗವನ್ನು ಗೋಪಾಲಕೃಷ್ಣ ಗೋಖಲೆಯವರು ನೋಡಿಕೊಂಡರು. 1890ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯ ಒಳಜಗಳದಿಂದಾಗಿ ಟಿಳಕರು ಅದನ್ನು ತೊರೆದರು. 1891ರ ಸಮ್ಮತಿವಯಸ್ಸಿನ ಕಾನೂನಿನ ಕಾಲಕ್ಕೆ ಎರಡು ಪತ್ರಿಕೆಗಳ ಕದನ ಉಗ್ರರೂಪವನ್ನು ತಾಳಿತು. ಧಾರವಾಡ, ಬೆಳಗಾವಿಗಳೂ ಅಂದು ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದವಾದ್ದರಿಂದ ಈ ವಾಗ್ವಾದ ಕನ್ನಡಿಗರಿಗೂ ಪರಕೀಯವಾಗಿರಲಿಲ್ಲ. ಸಂಪ್ರದಾಯಸ್ಥರು ಆಗರಕರರ ಅಣಕು ಶವಯಾತ್ರೆಯನ್ನು ಹೊರಡಿಸಿದರು. ಬದುಕಿದ್ದಾಗಲೇ ಅವರು ಅದನ್ನು ಕಾಣಬೇಕಾಯಿತು.

1892ರಲ್ಲಿ ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾದ ಅವರನ್ನು ಬಹುಕಾಲದ ಉಬ್ಬಸ ಹಣ್ಣು ಮಾಡಿತ್ತು. 1895ರ ಜೂನ್ 17ರಂದು ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆಂದು ತಾವೇ ಸ್ವಲ್ಪ ಹಣವನ್ನು ಪೊಟ್ಟಣ ಕಟ್ಟಿಟ್ಟಿದ್ದರೆಂದು ಹೇಳುತ್ತಾರೆ.

ಅವರ ಮೇಲಿನ ಮರಣಲೇಖನವನ್ನು ‘ಕೇಸರಿ’ಗಾಗಿ ಟಿಳಕರೇ ರಚಿಸಿದರು. ಕಣ್ಣೀರಿನಿಂದಾಗಿ ಆ ಬರವಣಿಗೆ ಗಂಟೆಗಟ್ಟಲೆ ತಡವಾಯಿತೆಂದು ಹೇಳಿಕೆಯಿದೆ. ಮೃತ್ಯುವಿನ ಎದುರು ಸಣ್ಣಪುಟ್ಟ ಭೇದಗಳು ಮರೆಯಾಗಿ ಹಳೆಯ ನೆನಪುಗಳೇ ಮುನ್ನುಗ್ಗುತ್ತವೆ, ಲೇಖನಿ ತಡವರಿಸುತ್ತದೆ ಎಂಬ ಆಶಯವನ್ನು ಅವರು ಅಲ್ಲಿ ವ್ಯಕ್ತಪಡಿಸಿದರು. ಸುಧಾರಣೆಯನ್ನು ಕುರಿತ ತಮ್ಮ ನಿಲುವನ್ನು ಮಾತ್ರ ಟಿಳಕರು ಸಡಿಲಿಸಲಿಲ್ಲ. ಅದೇ ವರ್ಷದ ಕೊನೆಗೆ ಪುಣೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಅದೇ ಮಂಟಪದಲ್ಲಿ ಸಾಮಾಜಿಕ ಪರಿಷತ್ತು ನಡೆಯುವುದನ್ನು ಅವರ ಪಕ್ಷ ವಿರೋಧಿಸಿತು. ಪರಿಷತ್ತು ಬೇರೆಡೆ ಸೇರಬೇಕಾಯಿತು.